ಕೊಂಡ ಪುಸ್ತಕ ಯಾರದು?

ಕಳೆದ ಭಾನುವಾರ ದೇವನಹಳ್ಳಿಯ ಬಳಿಯ ನಲ್ಲೂರಿಗೆ ಹೋಗಿದ್ದೆ. ಅಲ್ಲಿಯ ಹಳೆಯ ಹುಣಸೆಯ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿದ್ದು ವಾಚಕರಿಗೆ ತಿಳಿದೇ ಇದೆ. ತೋಪನ್ನು ನೋಡಿಕೊಂಡು ಬಂದು ದೊಡ್ಡಪ್ಪನವರ ಮನೆಯ ಜಗುಲಿಯಲ್ಲಿ ಕುಳಿತು, ಫೋನಿನಲ್ಲಿ ಕೊಂಡಿದ್ದ ಒಂದು ಕನ್ನಡ ಕಾದಂಬರಿಯನ್ನು ಅವರಿಗೆ ತೋರಿಸಿದೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದೆಂದು ಕಂಡು ಅವರಿಗೆ ಸಂತೋಷವೇ ಆಯಿತು.

"ಚೆನ್ನಾಗಿದೆಯಪ್ಪ. ನೀನು ಓದಿದ ಮೇಲೆ ನನಗೆ ಕೊಡು" ಎಂದರು.

ಹಾಗೆ ಕೊಡಲು ಬರುವುದಿಲ್ಲವೆಂದೆ.

"ಮತ್ತೆ, ಕೊಂಡೆ ಅಂದೆಯಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. ಮಾತಿನ ನಿಜವನ್ನು ಒರೆಗೆ ಹಚ್ಚುವುದೇ ವಿಮರ್ಶಕನ ಕೆಲಸವಾದರೆ, ಇಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಕಾದಂಬರಿಯನ್ನಲ್ಲ. ಅದನ್ನು ಮಾರಿದ 'ಕೊಳ್ಳಿ' ಎಂಬ ಮಾತನ್ನು. ಕಂಪನಿಗಳ ಕರಾರನ್ನು ಓದಿ ನೋಡಿದರೆ, ಸಾಮಾನ್ಯವಾಗಿ ನಮಗೆ ದಕ್ಕುವುದು ಪುಸ್ತಕವಲ್ಲ, ಓದುವ ಪರವಾನಗಿ ಮಾತ್ರ. 2009ರಲ್ಲಿ ಅಮೆಜಾನ್ ಕಂಪನಿಯು, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಆರ್ವೆಲ್ಲನ '1984' ಕಾದಂಬರಿಯನ್ನು ಅಮೆರಿಕದ ಓದುಗರ ಕಿಂಡಲ್ಲುಗಳಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ, ಕೊಂಡವರ ಪುಸ್ತಕಗಳೂ ಅಂಗಡಿಯೊಡನೆ ಹೋದವು. ಎರಡು ಸಲವೂ ಹಣ ಹಿಂದಕ್ಕೆ ಬಂತು, ನಿಜ. ಆದರೆ ನಮ್ಮ ಕಪಾಟಿನಿಂದ ಪುಸ್ತಕವೊಂದನ್ನು ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಬೆಲೆಯನ್ನಿಟ್ಟರೆ, ಅದನ್ನು ವ್ಯಾಪಾರವೆನ್ನುತ್ತೇವೆಯೆ? ಈ ಮಾತಿನ ಮೋಸವನ್ನು ಕ್ಯಾಲಿಫೋರ್ನಿಯ ಸಂಸ್ಥಾನ ಗುರುತಿಸಿದೆ. ಕೊಡುತ್ತಿರುವುದು ಪರವಾನಗಿಯೆಂದು ಸ್ಪಷ್ಟವಾಗಿ ತಿಳಿಸದೆ ಇಂಥ ಸರಕಿಗೆ 'ಕೊಳ್ಳಿ' ಎನ್ನಬಾರದೆಂಬ ಕಾನೂನು ಅಲ್ಲಿ 2025ರ ಜನವರಿಯಿಂದ ಜಾರಿಯಲ್ಲಿದೆ.

ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗೇ ನಿಂತಿತು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಹಾಗೆ ಮಾರುವುದಕ್ಕೆ ಅವರು ಯಾವ ಕಂಪನಿಯ ಅಪ್ಪಣೆಯನ್ನೂ ಕಾಯಬೇಕಾಗಿರಲಿಲ್ಲ. ಕೊಂಡವನು ಅದನ್ನು ನೆರೆಯವನಿಗೆ ಕೊಡುವುದಕ್ಕೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಹೊಸ ಸಾಧನ ಬೇಡವೆಂದು ನಾನು ಹೇಳುವುದಿಲ್ಲ. ಕಣ್ಣು ಮಂಜಾದವರಿಗೂ ಪರದೇಶದಲ್ಲಿರುವ ಕನ್ನಡಿಗರಿಗೂ ಅದು ದೊಡ್ಡ ಉಪಕಾರ. ನನ್ನ ಕೇಳಿಕೆ ಇಷ್ಟೇ: ನಮ್ಮ ಪ್ರಕಾಶಕರು ಡಿಜಿಟಲ್ ಪುಸ್ತಕ ಮಾರುವಾಗ ಓದುಗ ತನ್ನಲ್ಲೇ ಇಟ್ಟುಕೊಳ್ಳುವಂತೆ, ಒಬ್ಬರಿಗೆ ಎರವಲು ಕೊಡುವಂತೆ ಮಾರಲಿ. ಅದಾಗದಿದ್ದರೆ 'ಬಾಡಿಗೆ' ಎಂದು ನೇರವಾಗಿ ಬರೆಯಲಿ.

ಹೊರಡುವಾಗ ದೊಡ್ಡಪ್ಪ ಟ್ರಂಕಿನಿಂದ ಒಂದು ಹಳೆಯ ಕಾದಂಬರಿಯನ್ನು ತೆಗೆದುಕೊಟ್ಟರು. ಮೊದಲ ಪುಟದಲ್ಲಿ, ಬೇರೆ ಬೇರೆ ಶಾಯಿಯಲ್ಲಿ, ಎರವಲು ಒಯ್ದ ಮೂವರ ಹೆಸರುಗಳಿದ್ದವು.

"ನಿನ್ನ ಹೆಸರನ್ನೂ ಬರೆದು ತೆಗೆದುಕೊಂಡು ಹೋಗು. ಮರೆಯದೆ ವಾಪಸು ತಾ" ಎಂದರು.