ಹಳೇ ಟೀಮು, ಅದೇ ಮಟ್ಟು

ತುಮಕೂರು ಜಿಲ್ಲೆಯ ಮಾಯಸಂದ್ರದ ಕಡೆ ಪೌರಾಣಿಕ ನಾಟಕದ ಫ್ಲೆಕ್ಸ್ ಕಟ್ಟಿದರೆ ಜನ ಮೊದಲು ಓದುವುದು ನಾಟಕದ ಹೆಸರನ್ನಲ್ಲ. ಅದು ಹತ್ತಕ್ಕೆ ಎಂಟು ಸಲ ಕುರುಕ್ಷೇತ್ರವೇ ಆಗಿರುತ್ತದೆ. ಕಣ್ಣು ನೇರವಾಗಿ ಪಾತ್ರವರ್ಗಕ್ಕೆ ಹೋಗುತ್ತದೆ. ದುರ್ಯೋಧನ ಯಾರು, ಕರ್ಣ ಯಾರು, ಕೃಷ್ಣನನ್ನು ಎಷ್ಟು ಜನಕ್ಕೆ ಹಂಚಿದ್ದಾರೆ, ಹಾರ್ಮೋನಿಯಂಗೆ ಯಾರು ಕೂರುತ್ತಾರೆ? ಇನ್ನು ಫ್ಲೆಕ್ಸಿನಲ್ಲಿರುವುದು ಹತ್ತಿಪ್ಪತ್ತು ವರ್ಷ ಬಣ್ಣ ಹಚ್ಚದೆ ಇದ್ದು ಈಗ ಮತ್ತೆ ಕೂಡಿಕೊಂಡ ಹಳೇ ಟೀಮಾದರೆ, ಪಕ್ಕದ ಟೀ ಅಂಗಡಿಯಲ್ಲಿ ನಾಟಕ ಅವತ್ತೇ ಶುರುವಾದಂತೆ.

“ಅದೇ ಟೀಮು ಕಣಯ್ಯಾ, ಕೃಷ್ಣ ಒಬ್ಬ ಬದ್ಲಾಗವ್ನೆ ಅಷ್ಟೇಯ.”

“ಕೃಷ್ಣನೇ ಬದ್ಲಾದ್‌ಮೇಲೆ ಇನ್ನೆಂಥಾ ಅದೇ ಟೀಮು?”

ಈ ಜಗಳಕ್ಕೆ ಮೂರು ತಾಲ್ಲೂಕಿನ ಹರವಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕುರುಕ್ಷೇತ್ರ ಆಡುವುದೆಂದರೆ ಊರಹಬ್ಬ, ಪ್ರತಿಷ್ಠೆ, ಸಂಗೀತ ಕಚೇರಿ ಮೂರೂ ಒಂದೇ ಪೆಂಡಾಲಿನಲ್ಲಿ. ಇಲ್ಲಿಯ ಉಂಡೆ ಕೊಬ್ಬರಿ ಅಟ್ಟದ ಮೇಲೆ ಹೆಚ್ಚೂಕಡಿಮೆ ವರ್ಷವಿಡೀ ಒಣಗಿ, ಸುಲಿಸಿಕೊಂಡು, ತಿಪಟೂರಿನ ಮಾರುಕಟ್ಟೆ ಸೇರುತ್ತದೆ. ಹಣ ಕೈಸೇರುವುದು ಒಂದೇ ಕಂತಿನಲ್ಲಿ. ರೇಟು ಚೆನ್ನಾಗಿದ್ದ ವರ್ಷ ಆ ಹಣದಲ್ಲಿ ಒಂದು ಪಾಲು ಸೀನರಿ ಬಾಡಿಗೆಗೆ, ಮೇಷ್ಟ್ರ ಸಂಭಾವನೆಗೆ, ಕಿರೀಟ ಭುಜಕೀರ್ತಿಗಳಿಗೆ ಹೋಗುವುದು ಯಾರಿಗೂ ದುಂದು ಎನ್ನಿಸುವುದಿಲ್ಲ.

ಈ ಸಂಪ್ರದಾಯದ ಬೇರು ಹುಡುಕುತ್ತಾ ಹೋದರೆ ಸಿಗುವ ಊರು ದೂರದ್ದೇನಲ್ಲ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿಗೆ ಹುಡುಗನಾಗಿ ಸೇರಿದ ವೀರಣ್ಣ 1917ರ ಹೊತ್ತಿಗೆ ಅದರ ಮಾಲೀಕರಾದರು. 1934ರಲ್ಲಿ ಅವರು ರಂಗಕ್ಕೆ ತಂದ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ಬಂದವು. ಆ ನಾಟಕ ಬರೆದವರು ಬಿ. ಪುಟ್ಟಸ್ವಾಮಯ್ಯ. ಅದೇ ವರ್ಷ ಬಿಡುಗಡೆಯಾದ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ಕ್ಕೆ ಮಾತು, ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ಇದೇ ಜಿಲ್ಲೆಯವರು, ಕಂಪನಿ ನಾಟಕಗಳ ಕವಿ. ಇತ್ತ ಹಳ್ಳಿಗಳಲ್ಲಿ ಅದಕ್ಕೂ ಮುಂಚಿನಿಂದ ಮೂಡಲಪಾಯ ಯಕ್ಷಗಾನ ಇತ್ತು. ಭಾಗವತ, ಮದ್ದಳೆ, ಮುಖವೀಣೆಗಳ ಆ ಆಟವನ್ನು ಕಂಪನಿಯ ಹಾರ್ಮೋನಿಯಂ ಮೆಲ್ಲಗೆ ಅಂಚಿಗೆ ತಳ್ಳಿತು. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರಂಥವರು ಮೂಡಲಪಾಯದ ಬೆನ್ನಿಗೆ ನಿಲ್ಲುವ ಹೊತ್ತಿಗೆ ಬಹುಪಾಲು ಊರುಗಳು ಭಾಗವತರನ್ನು ಬಿಟ್ಟು ಮೇಷ್ಟ್ರನ್ನು ಹಿಡಿದಾಗಿತ್ತು. ಈಗ ‘ಹಳೇ ಟೀಮೇ ಅಸಲು’ ಎಂದು ಪಟ್ಟು ಹಿಡಿಯುವವರು ಈ ಕತೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಅವರು ಹಳೆಯದು ಎನ್ನುವುದೂ ಒಂದು ಕಾಲಕ್ಕೆ ಇನ್ನೊಂದನ್ನು ಎಬ್ಬಿಸಿ ಆ ಜಾಗದಲ್ಲಿ ಕೂತದ್ದೇ.

ಕಂಪನಿಗಳಿಗಾದರೂ ‘ಮೂಲ ಟೀಮು’ ಎಂಬುದೊಂದು ಇತ್ತೇ? ಗುಬ್ಬಿ ಕಂಪನಿಯೊಳಗೆ ಹಾದುಹೋದವರ ಪಟ್ಟಿಯೇ ಇದಕ್ಕೆ ಉತ್ತರ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಅವರ ಮಗ ಮುತ್ತುರಾಜ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು, ಬಿ. ಜಯಮ್ಮ, ಊರು ಬಿಟ್ಟು ಓಡಿಬಂದು ಸೇರಿದ ಹುಡುಗ ಬಿ.ವಿ. ಕಾರಂತ. ಒಬ್ಬರು ಹೋದರೆ ಇನ್ನೊಬ್ಬರು ಆ ಕಿರೀಟ ತೊಡುತ್ತಿದ್ದರು, ಆ ಮಟ್ಟು ಹಾಡುತ್ತಿದ್ದರು. ಮುತ್ತುರಾಜ್ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಆಮೇಲೆ ಅವರೂ ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಅವರೂ ಕೂಡಿ ಕಲಾವಿದರ ಸಂಘ ಕಟ್ಟಿಕೊಂಡು, ಸಿನಿಮಾದ ನಡುವೆಯೇ ಊರೂರು ತಿರುಗಿ ನಾಟಕ ಆಡಿದರು. 1960ರ ‘ರಣಧೀರ ಕಂಠೀರವ’ ಆ ಸಂಘವೇ ನಿರ್ಮಿಸಿದ ಚಿತ್ರ. ಕಂಪನಿಯ ಹಳಬರು ಮತ್ತೆ ಸೇರಿ ಜನರೆದುರು ನಿಂತ ದೊಡ್ಡ ಉದಾಹರಣೆ ಕನ್ನಡದಲ್ಲಿ ಬೇರೆ ಹುಡುಕಬೇಕಿಲ್ಲ. ಆದರೆ ಆಗ ಜನ ನೋಡಲು ಬಂದದ್ದು ಕಂಪನಿಯನ್ನೋ ಪರದೆಯ ಮೇಲೆ ಕಂಡ ಮುಖಗಳನ್ನೋ ಎಂಬುದು ಬೇರೆ ಮಾತು.

ಇನ್ನೊಂದು ಬಗೆಯ ಮರುಹುಟ್ಟೂ ಇದೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ‘ಸ್ಪಂದನ’ ತಂಡದಿಂದ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದರು. ತಾತನಿಗೆ ಹೆಸರು ತಂದಿದ್ದ ಕಳ್ಳನ ಪಾತ್ರವನ್ನು ತಾವೇ ವಹಿಸಿದರು. ಹಳೇ ಟೀಮಿನ ಒಬ್ಬರೂ ಅಲ್ಲಿಲ್ಲ. ಹಳೇ ಸೀನರಿಯ ವೈಭವವೂ ಇಲ್ಲ. ಗಂಡಿನ ಪಾತ್ರದಲ್ಲಿ ಹೆಣ್ಣು. ಲೆಕ್ಕದ ಪ್ರಕಾರ ಅದು ‘ಅದೇ’ ನಾಟಕ ಆಗಬಾರದು. ಆದರೂ ನೋಡಿದವರಿಗೆ ಅದು ಕಂಪನಿ ನಾಟಕವೇ ಎನ್ನಿಸಿತು. ಕಾರಣ ಸರಳ. ಹಾಡಿನ ಮಟ್ಟು, ಮಾತಿನ ಲಯ, ನೋಡುವವರ ಕಡೆ ತಿರುಗಿ ಒಂದು ಚಟಾಕಿ ಹಾರಿಸಿ ಮತ್ತೆ ಕತೆಗೆ ಬರುವ ಚಾಲಾಕಿ, ಇವು ಮೂರೂ ಕೈದಾಟಿ ಬಂದಿದ್ದವು.

ಈ ತಕರಾರು ತೆಂಗಿನ ತೋಟಕ್ಕಷ್ಟೇ ಸೀಮಿತವಲ್ಲ. ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ಬ್ಯಾಂಡುಗಳ ಅಭಿಮಾನಿಗಳು ಇದೇ ಮಾತನ್ನು ದಶಕಗಳಿಂದ ಜಗಿಯುತ್ತಿದ್ದಾರೆ. 1968ರಲ್ಲಿ ಹುಟ್ಟಿದ ‘ಯೆಸ್’ ಬ್ಯಾಂಡಿನಲ್ಲಿ ಹೋದವರು ಬಂದವರು ಎಷ್ಟೋ ಮಂದಿ. ಮೊದಲಿನಿಂದ ಉಳಿದಿದ್ದ ಬಾಸ್ ಗಿಟಾರಿನ ಕ್ರಿಸ್ ಸ್ಕ್ವೈರ್ 2015ರಲ್ಲಿ ತೀರಿಕೊಂಡ ಮೇಲೂ ಬ್ಯಾಂಡು ನಡೆಯಿತು. ಮೂಲ ಗಾಯಕ ಜಾನ್ ಆಂಡರ್ಸನ್ ಹಳೆಯ ಇಬ್ಬರನ್ನು ಕಟ್ಟಿಕೊಂಡು ಬೇರೆ ವೇದಿಕೆ ಹತ್ತಿದರು. 2017ರಲ್ಲಿ ಯೆಸ್ ಎಂಬ ಹೆಸರನ್ನು ಎರಡು ತಂಡಗಳು ಹೊತ್ತು ತಿರುಗುತ್ತಿದ್ದವು! ಅತ್ತ ‘ಕಿಂಗ್ ಕ್ರಿಮ್ಸನ್’ನಲ್ಲಿ ಮೊದಲಿನಿಂದ ಕೊನೆಯವರೆಗೆ ಇದ್ದವರು ರಾಬರ್ಟ್ ಫ್ರಿಪ್ ಒಬ್ಬರೇ. 2014ರಲ್ಲಿ ಆ ಬ್ಯಾಂಡು ಮತ್ತೆ ವೇದಿಕೆಗೆ ಬಂದಾಗ ಮೂವರು ಡ್ರಮ್ಮರುಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಫ್ರಿಪ್ ಹಿಂದೆ ಸ್ಟೂಲಿನ ಮೇಲೆ ಕೂತು ಗಿಟಾರ್ ನುಡಿಸಿದರು. ಹಾಡುವವರೂ ಬಡಿಯುವವರೂ ಎಲ್ಲರೂ ಬದಲಾದರೂ ಅದು ಅದೇ ಬ್ಯಾಂಡು ಎಂದು ಜನ ಒಪ್ಪಿದ್ದು ಆ ಕೂತ ಮನುಷ್ಯನಿಂದ.

ಮಾಯಸಂದ್ರದ ಪೆಂಡಾಲಿನಲ್ಲೂ ಹಾಗೆ ಕೂತ ಮನುಷ್ಯನೊಬ್ಬನಿದ್ದಾನೆ. ಹಾರ್ಮೋನಿಯಂ ಮೇಷ್ಟ್ರು.

ಅವರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕಾಲು ಹಾರ್ಮೋನಿಯಂ ಆದರೆ ತಿದಿ ಪಾದದಲ್ಲಿ, ಎರಡೂ ಕೈ ಮನೆಗಳ ಮೇಲೆ. ಕಣ್ಣು ಮಾತ್ರ ನಟನ ಗಂಟಲ ಮೇಲೆ. ಅರವತ್ತು ದಾಟಿದ ದುರ್ಯೋಧನ ವೃತ್ತದ ಮೂರನೇ ಸಾಲಿನಲ್ಲಿ ಮೇಲಿನ ಷಡ್ಜಕ್ಕೆ ಏರಬೇಕು. ಹಿಂದೆ ಏರುತ್ತಿದ್ದ. ಈಗ ಉಸಿರು ಸಾಲದು. ಮೇಷ್ಟ್ರಿಗೆ ಅದು ಸಾಲಿನ ಆರಂಭದಲ್ಲೇ ಗೊತ್ತಾಗುತ್ತದೆ. ಅವನು ತಲುಪುವ ಕ್ಷಣಕ್ಕೆ ಅರ್ಧ ಮಾತ್ರೆ ಮುಂಚೆ ಬಲಗೈ ಆ ಸ್ವರವನ್ನು ಒತ್ತಿ ಹಿಡಿಯುತ್ತದೆ, ತಬಲ ಒಂದು ಸಣ್ಣ ಮುಕ್ತಾಯ ಹಾಕುತ್ತದೆ. ಜನಕ್ಕೆ ಕೇಳುವುದು ಏರಿದ ಸ್ವರ. ಏರಿದ್ದು ಗಂಟಲಲ್ಲ, ಪೆಟ್ಟಿಗೆ. ಮುಂದಿನ ಸಾಲಿನಲ್ಲಿ ಶಿಳ್ಳೆ ಬೀಳುತ್ತದೆ. ದುರ್ಯೋಧನ ಗದೆಯನ್ನು ಭುಜಕ್ಕೆ ಏರಿಸಿ, ಪೆಟ್ಟಿಗೆಯ ಕಡೆ ನೋಡಿಯೂ ನೋಡದಂತೆ ಕಣ್ಣು ಹೊಡೆಯುತ್ತಾನೆ.

ಮೈಕ್ ಇಲ್ಲದ ಕಾಲದಲ್ಲಿ ಈ ಸಂಗೀತದ ಶ್ರುತಿಯೇ ಎತ್ತರದ್ದಾಗಿತ್ತು. ಹಿಂದಿನ ಸಾಲಿನವನ ಕಿವಿಗೆ ಮುಟ್ಟದಿದ್ದರೆ ಅದು ಹಾಡಲ್ಲ. ಮಟ್ಟುಗಳು ಬಂದದ್ದು ಎಲ್ಲೆಲ್ಲಿಂದಲೋ. ಕರ್ನಾಟಕ ಸಂಗೀತದ ಕೀರ್ತನೆ, ಮರಾಠಿ ನಾಟ್ಯಸಂಗೀತ, ಪಾರ್ಸಿ ಕಂಪನಿಗಳ ಹಾಡು, ಮುಂದೆ ಸಿನಿಮಾ. ಇವನ್ನೆಲ್ಲ ಒಂದು ಮಾಡಿದ್ದು ಹಾರ್ಮೋನಿಯಂ. ಗಮಕ ಒಲಿಯದ, ಸ್ವರಗಳ ನಡುವೆ ಜಾರಲಾಗದ ಪೆಟ್ಟಿಗೆ ಎಂದು ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಆ ಮೂವತ್ತೊಂದು ವರ್ಷವೂ ಅದು ತುರುವೇಕೆರೆ ಸೀಮೆಯ ತಾಲೀಮಿನ ಚಾವಡಿಗಳಲ್ಲಿ ರಾತ್ರಿ ಹತ್ತರಿಂದ ನುಡಿಯುತ್ತಲೇ ಇತ್ತು. ರಂಗಸಂಗೀತದ ಪರಮಶಿವನ್ ಅವರಂಥ ಮೇಷ್ಟ್ರುಗಳು ರಂಗಗೀತೆಗಳನ್ನು ಹೊಸಬರಿಗೆ ಬಾಯಿಪಾಠ ಮಾಡಿಸದೆ ಹೋಗಿದ್ದರೆ ಇವತ್ತು ಎಷ್ಟೋ ಮಟ್ಟುಗಳು ಹೆಸರಷ್ಟೇ ಆಗಿರುತ್ತಿದ್ದವು. ಸ್ವರಲಿಪಿಯನ್ನು ನೆಚ್ಚಿಕೊಂಡ ಸಂಪ್ರದಾಯ ಇದಲ್ಲ. ಕಿವಿಯಿಂದ ಕಿವಿಗೆ ದಾಟಿದ್ದು.

ಹಾಗಾದರೆ ಹಳೇ ಟೀಮು ಮತ್ತೆ ಸೇರಿದ ರಾತ್ರಿ ಸಿಗುವುದೇನು? ಮೆಚ್ಚುವವರ ಮಾತಿನಲ್ಲಿ ಹುರುಳಿದೆ. ಹಳಬರಿಗೆ ಮಾತು ನಾಲಿಗೆಯ ಮೇಲಿರುತ್ತದೆ. ಕಂದಪದ್ಯ ಮುಗಿದ ಕೂಡಲೆ ಗದ್ಯಕ್ಕೆ ಇಳಿಯುವ ಜಾಗದಲ್ಲಿ ಅವರು ತಡವರಿಸುವುದಿಲ್ಲ. ಸಂಧಾನದ ದೃಶ್ಯದಲ್ಲಿ ಇಬ್ಬರು ಹಳಬರು ಎದುರುಬದುರು ನಿಂತರೆ ಒಬ್ಬನ ಸಾಲಿನ ಬಾಲ ಇನ್ನೊಬ್ಬನ ಸಾಲಿನ ತಲೆಗೆ ತಾನೇ ಕೂಡಿಕೊಳ್ಳುತ್ತದೆ. ಮೂರು ತಿಂಗಳ ತಾಲೀಮಿನಲ್ಲಿ ಇದು ಬರುವಂಥದ್ದಲ್ಲ. ಹೊಸಬರ ಪರ ನಿಲ್ಲುವವರ ಮಾತಿನಲ್ಲೂ ಹುರುಳಿದೆ. ಮಂಡಿ ಹಿಡಿದುಕೊಂಡ ಅಭಿಮನ್ಯುವನ್ನು ಚಕ್ರವ್ಯೂಹಕ್ಕೆ ಕಳಿಸುವುದು ಯುದ್ಧಕ್ಕೂ ಅವಮಾನ, ಮಂಡಿಗೂ ಅನ್ಯಾಯ.

ಆದರೆ ಇಬ್ಬರೂ ಈ ಸಂಪ್ರದಾಯದ ನಿಜವಾದ ಹುಳುಕನ್ನು ಕಂಡೂ ಕಾಣದಂತಿದ್ದಾರೆ. ಪಾತ್ರಕ್ಕೆ ಹಣ ಕಟ್ಟುವ ಪದ್ಧತಿ ಅದು. ದುರ್ಯೋಧನನಿಗೆ ಹೆಚ್ಚು, ವಿದುರನಿಗೆ ಕಡಿಮೆ. ನಟರೇ ಖರ್ಚು ಹೊರುವುದರಿಂದಲೇ ಸರ್ಕಾರದ ಮುಖ ನೋಡದೆ ಈ ರಂಗಭೂಮಿ ಉಳಿದದ್ದು ಎನ್ನುವುದು ಸರಿ. ಆದರೆ ಹಣ ಕಟ್ಟಿದವನಿಗೆ ತನ್ನ ಹಾಡು ಮುಖ್ಯವಾಗುತ್ತದೆ, ಕತೆ ಆಮೇಲೆ. ಒಂದು ಪಾತ್ರಕ್ಕೆ ಆಸೆಪಡುವವರು ಹೆಚ್ಚಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ. ಮೊದಲರ್ಧದಲ್ಲಿ ಕುಳ್ಳಗಿದ್ದ ವಾಸುದೇವ ಸಂಧಾನದ ಹೊತ್ತಿಗೆ ಅರ್ಧ ಅಡಿ ಬೆಳೆದಿರುತ್ತಾನೆ. ಮೇಲೆ ಒನ್ಸ್ ಮೋರ್ ಹಾವಳಿ. ಕರ್ಣ ಕುಂತಿಗೆ ತನ್ನ ಹುಟ್ಟಿನ ಸಂಕಟ ಹಾಡಿ ಮುಗಿಸುತ್ತಾನೆ, ಕುಂತಿ ಸೆರಗು ಕಣ್ಣಿಗೆ ಒತ್ತಿಕೊಳ್ಳಬೇಕು ಎನ್ನುವಷ್ಟರಲ್ಲಿ ಕೂಗು ಏಳುತ್ತದೆ. ಅವನು ಮತ್ತೆ ಹುಟ್ಟಿನಿಂದ ಶುರುಮಾಡುತ್ತಾನೆ. ಯಾರೋ ನೋಟಿನ ಹಾರ ತರುತ್ತಾರೆ. ಮೂರನೇ ಸಲ. ಕುಂತಿ ಎತ್ತಿದ ಸೆರಗನ್ನು ಎತ್ತಿದಂತೆಯೇ ಹಿಡಿದು ನಿಂತಿರುತ್ತಾಳೆ. ಹಳೇ ಟೀಮು ಸೇರಿದ ರಾತ್ರಿ ಈ ಕಾಯಿಲೆ ಇನ್ನೂ ಜೋರು. ಜನ ಬಂದಿರುವುದೇ ನೆನಪಿನ ಹಾಡುಗಳನ್ನು ಮತ್ತೆ ಕೇಳಿ ಹೋಗುವುದಕ್ಕೆ. ನಾಟಕ ನಿಂತು ಕಚೇರಿ ನಡೆಯುತ್ತದೆ, ಬೆಳಗಿನ ಜಾವಕ್ಕೆ ಯುದ್ಧವನ್ನು ಹತ್ತು ನಿಮಿಷದಲ್ಲಿ ಬಾಚಿ ಮುಗಿಸಬೇಕಾಗುತ್ತದೆ.

ಆ ಕುಂತಿಯ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು. ಈ ನಾಟಕಗಳ ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಸಂಜೆ ಬಸ್ಸಿಗೆ ಬಂದು, ರಾತ್ರಿ ದ್ರೌಪದಿಯಾಗಿ, ಬೆಳಗ್ಗೆ ಹೊರಡುವವರು. ಬಹಳ ಸಲ ಊರಿನ ಟೀಮಿನೊಂದಿಗೆ ಅವರಿಗೆ ತಾಲೀಮೇ ಇರುವುದಿಲ್ಲ. ಮೇಷ್ಟ್ರ ಪಕ್ಕ ಐದು ನಿಮಿಷ ಕೂತು ಯಾವ ಶ್ರುತಿ, ಯಾವ ಮಟ್ಟು, ಎಲ್ಲಿ ಕತ್ತರಿಸಿದ್ದಾರೆ ಎಂದು ಕೇಳಿಕೊಂಡರೆ ಆಯಿತು. ಹಣ ಕಟ್ಟಿದ ಭೀಮ ಮಾತು ಮರೆತರೆ ಅವನ ಸಾಲನ್ನೂ ಪ್ರಶ್ನೆಯಾಗಿ ತಿರುಗಿಸಿ ಎತ್ತಿಕೊಡುವವಳು ಅವಳೇ. ಇಡೀ ರಂಗದಲ್ಲಿ ನಾಟಕವೇ ಕಸುಬಾಗಿರುವವರು ಪೆಟ್ಟಿಗೆ, ತಬಲದವರ ಜೊತೆಗೆ ಇವರು. ಇವತ್ತು ಮಾಯಸಂದ್ರದ ಹಳೇ ಟೀಮು, ನಾಳೆ ನಾಗಮಂಗಲದ ಕಡೆಯ ಹುಡುಗರ ಹೊಸ ಟೀಮು. ಅವಳ ಪಾಲಿಗೆ ಎರಡೂ ಒಂದೇ ನಾಟಕದ ಎರಡು ರಾತ್ರಿ. ಅಸಲು ಯಾವುದು ಎಂಬ ಜಗಳದಲ್ಲಿ ಅವಳ ಹೆಸರು ಬರುವುದೇ ಇಲ್ಲ. ಫ್ಲೆಕ್ಸಿನಲ್ಲಿ ಅವಳ ಫೋಟೊ ಕೊನೆಯ ಸಾಲಿನಲ್ಲಿ, ಸೀನರಿಯವರ ಫೋನ್ ನಂಬರಿನ ಮಗ್ಗುಲಲ್ಲಿ.

ಟೀಮಿಗಿಂತ ಹೆಚ್ಚಾಗಿ ಈ ಪರಂಪರೆಯನ್ನು ಹೊತ್ತು ನಡೆದವರು ಸಂಭಾವನೆಗೆ ಬಂದು ಹೋಗುವ ಇಂಥವರು. ಹಾಗಾಗಿ ಹಳೇ ಟೀಮಿನ ಪ್ರಯೋಗವನ್ನು ಅಳೆಯುವಾಗ ಎಷ್ಟು ಜನ ಹಳಬರು ಬಂದರು ಎಂದು ತಲೆ ಎಣಿಸುವುದಕ್ಕಿಂತ ಮೇಷ್ಟ್ರ ಮಾತು ಎಷ್ಟು ನಡೆಯಿತು ಎಂದು ನೋಡುವುದು ಮೇಲು. ಮೂರನೇ ಒನ್ಸ್ ಮೋರ್‌ಗೆ ಪೆಟ್ಟಿಗೆ ಮುಚ್ಚಿ ಕೂರುವ ಮೇಷ್ಟ್ರು ಅಪರೂಪಕ್ಕೆ ಸಿಗುತ್ತಾರೆ. ಅವರಿದ್ದ ರಾತ್ರಿ ಕತೆ ಬೆಳಗಾಗುವುದರೊಳಗೆ ದಡ ಮುಟ್ಟುತ್ತದೆ. ಈಗೀಗ ಪೆಟ್ಟಿಗೆಯ ಜಾಗಕ್ಕೆ ಕೀಬೋರ್ಡು, ತಬಲದ ಮಗ್ಗುಲಿಗೆ ರಿದಂ ಪ್ಯಾಡು ಬಂದಿವೆ. ಹಳೇ ಟೀಮಿನ ಕೆಲವರು ಇದನ್ನು ಅನಾಚಾರ ಎನ್ನುತ್ತಾರೆ. ವಾದ್ಯ ಬದಲಾಯಿತೆಂಬುದು ದೊಡ್ಡ ದೂರಲ್ಲ, ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. ದೂರು ಬೇರೆ ಇದೆ. ಮೊದಲೇ ತುಂಬಿಟ್ಟ ತಾಳ ಗಾಯಕನ ಉಸಿರಿಗೆ ಕಾಯುವುದಿಲ್ಲ. ವಯಸ್ಸಾದ ದುರ್ಯೋಧನನಿಗೆ ಅರ್ಧ ಮಾತ್ರೆ ಸಾಲ ಕೊಡುವ ಗುಣ ಆ ಯಂತ್ರಕ್ಕಿಲ್ಲ.

ಬೆಳಗಿನ ಐದೂವರೆ ಹೊತ್ತಿಗೆ ಮಂಗಳ ಹಾಡಿ ಪರದೆ ಬಿಟ್ಟ ಮೇಲೆ ಬಣ್ಣದ ಮನೆಯಲ್ಲಿ ಒಂದು ಬಟ್ಟಲು ಕೊಬ್ಬರಿ ಎಣ್ಣೆ ಕೈಯಿಂದ ಕೈಗೆ ಹೋಗುತ್ತದೆ. ಕುಂತಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮುಖದ ಬಿಳಿಬಣ್ಣ ಒರೆಸಿಕೊಳ್ಳುತ್ತಾಳೆ, ಜಡೆ ಬಿಚ್ಚಿ ಚೀಲಕ್ಕೆ ಹಾಕುತ್ತಾಳೆ, ಮೇಷ್ಟ್ರನ್ನು ಕೇಳುತ್ತಾಳೆ: “ನಾಳಿದ್ದು ಎಷ್ಟು ಮನೆ ಶ್ರುತಿ ಅಣ್ಣಾ?” ಹೊರಗೆ ಕುರ್ಚಿ ಜೋಡಿಸುವವರ ಸದ್ದಿನ ನಡುವೆ ಯಾರೋ ಇನ್ನೂ ಹೇಳುತ್ತಿರುತ್ತಾರೆ, ಆ ಕೃಷ್ಣ ಇದ್ದಿದ್ರೆ ಕತೆಯೇ ಬೇರೆ ಆಗ್ತಿತ್ತು ಎಂದು.