ಮಸ್ಕಿ ಶಾಸನದ ದೇವತೆಗಳು

1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ನನು ಮಸ್ಕಿಯಲ್ಲಿ ಕಂಡ ಶಾಸನವು ಅಶೋಕನ ಹೆಸರನ್ನು ಮೊದಲಿಗೆ ತೋರಿಸಿಕೊಟ್ಟುದಕ್ಕಾಗಿ ಪ್ರಸಿದ್ಧವಾಗಿದೆ. ಅದರ ಇನ್ನೊಂದು ಪದವೂ ಅಷ್ಟೇ ಗಮನಾರ್ಹವಾದುದು. ಜಂಬೂದ್ವೀಪದ ದೇವತೆಗಳನ್ನು ಅಶೋಕನು ಸುಳ್ಳಾಗಿಸಿದನೆಂದು ಹಿಂದಿನ ಕೆಲವು ವಿದ್ವಾಂಸರು ಅರ್ಥೈಸಿದ್ದರು. ಮಸ್ಕಿಯ ‘ಮಿಸಿಭೂತಾ’ ಎಂಬ ರೂಪವು ಆ ಅರ್ಥವನ್ನು ತಳ್ಳಿಹಾಕುತ್ತದೆ. ಬ್ರಹ್ಮಗಿರಿಯ ಪಾಠದೊಡನೆ ಕೂಡಿಸಿ ಓದಿದರೆ, ದೇವತೆಗಳು ಮನುಷ್ಯರೊಡನೆ ಬೆರೆತರೆಂಬುದೇ ತಾತ್ಪರ್ಯ.

ಲಿಂಗಸುಗೂರು, ಸಿಂಧನೂರು ಸೀಮೆಯ ಬೇವಿನಡಿಯ ದುರಗಮ್ಮನನ್ನೂ ಅಶ್ವತ್ಥಕಟ್ಟೆಯ ನಾಗರಕಲ್ಲನ್ನೂ ಬರಿಯ ಮೌಢ್ಯವೆಂದು ಬದಿಗಿಡುವ ಇತಿಹಾಸಕಾರರು ಇದನ್ನು ಮರೆಯಲಾಗದು. ಈ ಗ್ರಾಮದೇವತೆಗಳೇ ಶಾಸನೋಕ್ತ ದೇವತೆಗಳೆನ್ನಲು ಆಧಾರವಿಲ್ಲ. ಆದರೆ ದೈವವು ಜನರ ನಡುವೆಯೇ ನೆಲಸಿರುವುದೆಂಬ ಭಾವನೆಯನ್ನು ಈ ನೆಲದಲ್ಲಿ ಶಾಸನವೇ ದಾಖಲಿಸಿದೆ. ಆದುದರಿಂದ ಶಿಲಾಲಿಪಿಯಂತೆಯೇ ಕಟ್ಟೆಯ ಕಲ್ಲೂ ಚರಿತ್ರೆಯ ಆಕರವೆಂದು ಪರಿಗಣಿತವಾಗಬೇಕು.