ಲಾರಿಗಿಲ್ಲದ ಗಡಿ ತೊಗರಿಗೆ

ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಜಹೀರಾಬಾದ್, ಪಶ್ಚಿಮಕ್ಕೆ ಹೋದರೆ ಉಮರ್ಗಾ. ಈಗ ಮೂರು ರಾಜ್ಯ. 1956ರ ನವೆಂಬರ್ 1ರವರೆಗೆ ಎಲ್ಲವೂ ಹೈದರಾಬಾದ್ ರಾಜ್ಯದ ನೆಲ. ಉದಗೀರ, ನಿಲಂಗಾ, ಜಹೀರಾಬಾದುಗಳಂತೂ ಆಗ ಬೀದರ ಜಿಲ್ಲೆಯವೇ. ನಕ್ಷೆ ಹರಿದರೂ ಗಂಜ್ ಮಾರುಕಟ್ಟೆಯ ನಂಟು ಹರಿಯಲಿಲ್ಲ. ಬಸವಕಲ್ಯಾಣದ ರೈತ ಇಂದಿಗೂ ಲಾತೂರಿನ ಸೋಯಾ ದರ ಕೇಳದೆ ಚೀಲ ಕಟ್ಟುವವನಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ಮುಚ್ಚಿದವು. ಲಾರಿಯನ್ನೇ ನಂಬಿದ ಬಸವಕಲ್ಯಾಣದಂಥ ಊರಿಗೆ ಇದು ಸಣ್ಣ ಲಾಭವಲ್ಲ. (ಡೀಸೆಲ್ ಮಾತ್ರ ಜಿಎಸ್‌ಟಿಯ ಹೊರಗೇ ಉಳಿಯಿತು, ಗಡಿ ದಾಟಿದರೆ ಬಂಕಿನ ದರವೂ ಬದಲು.) ಆದರೆ ‘ಒಂದೇ ಮಾರುಕಟ್ಟೆ’ ಎಂಬ ಹೊಗಳಿಕೆ ವ್ಯಾಪಾರಿಗೆ ಒಪ್ಪುವಷ್ಟು ರೈತನಿಗೆ ಒಪ್ಪುವುದಿಲ್ಲ.

ತೊಗರಿಯನ್ನೇ ನೋಡಿ. 2025ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಕರ್ನಾಟಕ ತನ್ನ ಬೊಕ್ಕಸದಿಂದ 450 ಸೇರಿಸಿ 8,000 ಕೊಟ್ಟಿತು. ಖರೀದಿ ಕೇಂದ್ರದಲ್ಲಿ ಕಾಳಿಗಿಂತ ಮೊದಲು ಕೇಳುವುದು ಪಹಣಿಗೆ ಜೋಡಿಸಿದ, ರಾಜ್ಯದ ರೈತ ನೋಂದಣಿಯ ‘ಫ್ರೂಟ್ಸ್’ ಸಂಖ್ಯೆಯನ್ನು. ತನ್ನ ಹಣ ತನ್ನ ರೈತನಿಗೇ ಸಿಗಲೆಂದು ರಾಜ್ಯ ಬಯಸುವುದು ನ್ಯಾಯವೇ. ಆದರೂ ಒಂದೇ ಕಪ್ಪು ನೆಲದಲ್ಲಿ ಬೆಳೆದ ಕಾಳಿಗೆ ಬದುವಿನಾಚೆ ಬೇರೆ ಬೆಲೆಯಾಯಿತು. ಅಡತಿಗೆ ಹೋದ ತೊಗರಿಯನ್ನು ಯಾರೂ ಊರು ಕೇಳುವುದಿಲ್ಲ, ಅಲ್ಲಿ 8,000ವೂ ಇರಲಿಲ್ಲ.

ಸರಕು ಯಾವ ನೆಲದ್ದೆಂಬ ಮೂಲದ ಪ್ರಶ್ನೆ ಪೂರ್ವ ಏಷ್ಯಾದಲ್ಲೂ ಇದೆ. ಚೀನಾ, ಜಪಾನ್, ದಕ್ಷಿಣ ಕೊರಿಯಾ ತಮ್ಮ ತ್ರಿಪಕ್ಷೀಯ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆಯನ್ನು 2012ರಲ್ಲಿ ಶುರು ಮಾಡಿ ಇನ್ನೂ ಮುಗಿಸಿಲ್ಲ. ಅವುಗಳ ಕಾರ್ಖಾನೆಗಳು ಮಾತ್ರ ಕಾಯದೆ ಬಿಡಿಭಾಗ ಕೊಟ್ಟು ತೆಗೆದುಕೊಂಡವು. 2022ರ ಜನವರಿ 1ರಿಂದ ಜಾರಿಗೆ ಬಂದ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದದಲ್ಲಿ ಹದಿನೈದು ಸದಸ್ಯ ದೇಶಗಳಲ್ಲಿ ಯಾವುದರ ಬಿಡಿಭಾಗವಾದರೂ ಮೂಲ ಲೆಕ್ಕ ಹಾಕುವಾಗ ಸ್ವಂತದ್ದಾಗಿಯೇ ಎಣಿಕೆಗೆ ಬರುತ್ತದೆ. ಹಳೆಯ ಯುದ್ಧಗಳ ಕಹಿ ಮರೆಯದ ದೇಶಗಳು ಇಷ್ಟಕ್ಕೆ ಒಪ್ಪಿದವು. 2019ರಲ್ಲಿ ಆ ಕೂಟದ ಮಾತುಕತೆಯಿಂದ ಹೊರಬಂದ ಭಾರತಕ್ಕೆ ಹಾಲು ಉತ್ಪಾದಕರ, ಸಣ್ಣ ಉದ್ದಿಮೆಗಳ ಚಿಂತೆಯಿತ್ತು. ಅದನ್ನು ಹಗುರವಾಗಿ ಕಾಣಲಾಗದು.

ದೇಶದ ಒಳಗಿನ ಗಡಿಗೆ ಆ ಸಬೂಬೂ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ತನ್ನ ಕಬ್ಬು ಹೊರರಾಜ್ಯಕ್ಕೆ ಹೋಗಬಾರದೆಂದು ಆದೇಶಿಸಿತು; ರೈತರು ತಿರುಗಿಬಿದ್ದ ಮೇಲೆ ಹಿಂದಕ್ಕೆ ಪಡೆಯಿತು. ಸಕ್ಕರೆಗೆ ಗಡಿಯಿಲ್ಲ, ಕಬ್ಬಿಗೆ ಗಡಿ! ಗಡಿಯ ಮೂರೂ ರಾಜ್ಯಗಳ ಸರ್ಕಾರಗಳು ಪರಸ್ಪರರ ಭೂದಾಖಲೆಯನ್ನು ಒಪ್ಪಿ, ಪ್ರೋತ್ಸಾಹಧನವನ್ನು ಆಯಾ ರಾಜ್ಯವೇ ಭರಿಸಿದರೆ ರೈತ ಹತ್ತಿರದ ಕೇಂದ್ರದಲ್ಲೇ ತೊಗರಿ ತೂಗಬಹುದು. ಲಾರಿಯ ಸರಕಿನ ತೆರಿಗೆ ಲೆಕ್ಕವನ್ನು ರಾಜ್ಯ ರಾಜ್ಯಕ್ಕೆ ಹಂಚಿಕೊಡಬಲ್ಲ ಜಿಎಸ್‌ಟಿ ಗಣಕಕ್ಕೆ ಇದು ಕಷ್ಟದ ಕೆಲಸವೇನಲ್ಲ.